ಶಾಸ್ತ್ರ, ಸಂಪ್ರದಾಯ, ಗುರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಿಗೆ ವಿಶೇಷವಾದ ಸ್ಥಾನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಈ ಬಡಾವಣೆಗಳು ಅಗಲವಾದ ಬೀದಿಗಳಿಗೂ ಸಾಲುಮರಗಳಿಗೂ ಹೇಗೆ ಹೆಸರಾದುವೋ ಹಾಗೆಯೇ ಗುಡಿ, ಮಠ, ಪಾಠಶಾಲೆಗಳಿಗೂ ಹೆಸರಾದುವು. ಚಾಮರಾಜಪೇಟೆಯ ಪಂಪಮಹಾಕವಿ ರಸ್ತೆಯಲ್ಲಿ ಶ್ರೀ ಚಾಮರಾಜೇಂದ್ರ ಸಂಸ್ಕೃತ ಮಹಾವಿದ್ಯಾಲಯವಿದೆ. ಅದೇ ರಸ್ತೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವೂ ಇದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಶಂಕರಪುರ ಸಿಗುತ್ತದೆ. ಅಲ್ಲಿ ಶೃಂಗೇರಿಯ ಶಂಕರಮಠವೂ ಮಧ್ವಾಚಾರ್ಯರ ಪರಂಪರೆಗೆ ಸೇರಿದ ಉತ್ತರಾದಿಮಠವೂ ನೆರೆಹೊರೆಯಾಗಿವೆ. ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣಾಶ್ರಮವಿದೆ. ಬಸವನಗುಡಿಯ ಆಚೆ ಕತ್ತರಿಗುಪ್ಪೆಯ ಬಳಿ 1956ರಲ್ಲಿ ಸ್ಥಾಪಿತವಾದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ರಾಮಾನುಜಾಚಾರ್ಯರನ್ನು ಅನುಸರಿಸುವವರ ಮನೆಗಳೂ ಗುಡಿಗಳೂ ಈ ಬಡಾವಣೆಗಳಲ್ಲಿ ಹೇರಳವಾಗಿವೆ.

ಈ ಬೀದಿಗಳಲ್ಲಿ ಬೆಳೆಯುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನೆಂಬ ಋಷಿಯು ತನ್ನ ಮಗ ಶ್ವೇತಕೇತುವಿಗೆ ಮತ್ತೆ ಮತ್ತೆ ಹೇಳುವ ಒಂದು ಚಿಕ್ಕ ವಾಕ್ಯವಿದೆ. ಜೀವಕ್ಕೂ ಪರತತ್ತ್ವಕ್ಕೂ ಇರುವ ಸಂಬಂಧವನ್ನು ಅದು ಹೇಳುತ್ತದೆ. ಆ ವಾಕ್ಯವು ಎರಡರ ಐಕ್ಯವನ್ನೇ ಬೋಧಿಸುತ್ತದೆಂದು ಶಂಕರರ ಅನುಯಾಯಿಗಳು ವಿವರಿಸುತ್ತಾರೆ. ದೇಹಕ್ಕೆ ಆತ್ಮವು ಹೇಗೋ ಹಾಗೆ ಜೀವಕ್ಕೆ ಪರಮಾತ್ಮನು ಅಂತರ್ಯಾಮಿಯೆಂಬುದೇ ಅದರ ತಾತ್ಪರ್ಯವೆಂದು ರಾಮಾನುಜರ ಅನುಯಾಯಿಗಳು ಹೇಳುತ್ತಾರೆ. ಮಧ್ವರ ಅನುಯಾಯಿಗಳಾದರೋ ಅದೇ ವಾಕ್ಯದ ಪದಗಳನ್ನು ಬೇರೆಯಾಗಿ ಬಿಡಿಸಿ, ಜೀವನು ಪರಮಾತ್ಮನಿಗಿಂತ ಭಿನ್ನನೆಂದೇ ಅರ್ಥ ಮಾಡುತ್ತಾರೆ. ಶಾಸ್ತ್ರವೊಂದೇ, ವಾಕ್ಯವೊಂದೇ, ಅರ್ಥ ಮಾತ್ರ ಮೂರು. ಮೂವರೂ ಮಹಾ ಮೇಧಾವಿಗಳು. ಮೂವರ ಹಿಂದೆಯೂ ಶತಮಾನಗಳ ಪರಂಪರೆಯಿದೆ. ಹೀಗಿರುವಲ್ಲಿ ನಿಜವನ್ನು ತಿಳಿಯುವುದು ಹೇಗೆ? ಗ್ರಂಥವನ್ನು ನಂಬಬೇಕೆ, ಹಿರಿಯರ ನಡವಳಿಕೆಯನ್ನು ನಂಬಬೇಕೆ, ಗುರುವಿನ ಮಾತನ್ನು ನಂಬಬೇಕೆ?

ಹಿಂದೂ ಧರ್ಮಕ್ಕೆ ಒಬ್ಬನೇ ಸ್ಥಾಪಕನಿಲ್ಲ. ಎಲ್ಲರಿಗೂ ಸಮಾನವಾದ ಒಂದೇ ಗ್ರಂಥವಿಲ್ಲ. ಎಲ್ಲರಿಗೂ ಆಜ್ಞೆ ಮಾಡಬಲ್ಲ ಒಂದೇ ಪೀಠವೂ ಇಲ್ಲ. ಅದು ನಿಂತಿರುವುದು ಶಾಸ್ತ್ರ, ಸಂಪ್ರದಾಯ, ಗುರು ಎಂಬ ಮೂರು ಆಧಾರಗಳ ಮೇಲೆ. ಈ ಮೂರರಲ್ಲಿ ಯಾವುದೊಂದಕ್ಕೂ ಕೊನೆಯ ಮಾತಿನ ಅಧಿಕಾರವನ್ನು ಒಪ್ಪಿಸಿಬಿಡಲಾಗದು. ಒಂದರ ತಪ್ಪನ್ನು ಇನ್ನೊಂದು ತಿದ್ದಬೇಕು. ಹಾಗೆ ತಿದ್ದುವ ಕೆಲಸವು ನಡೆಯಬೇಕಾದರೆ ಪ್ರಶ್ನೆ ಕೇಳುವ ಶಿಷ್ಯನಿರಬೇಕು. ಪ್ರಶ್ನೆಯು ಶ್ರದ್ಧೆಗೆ ವಿರೋಧಿಯಲ್ಲ. ಅದು ಶ್ರದ್ಧೆಯದೇ ಒಂದು ಅಂಗ. ಈ ಮಾತು ಹೊಸ ಕಾಲದವರ ಕಲ್ಪನೆಯಲ್ಲ, ಪರಂಪರೆಯ ಒಳಗಿನಿಂದಲೇ ಬಂದುದು ಎಂಬುದನ್ನು ಮೂರು ಆಧಾರಗಳನ್ನೂ ಒಂದೊಂದಾಗಿ ನೋಡಿದರೆ ತಿಳಿಯುತ್ತದೆ.

ಮೊದಲನೆಯದು ಶಾಸ್ತ್ರ. ವೇದಗಳಿಗೆ ಶ್ರುತಿಯೆಂದು ಹೆಸರು. ಧರ್ಮಶಾಸ್ತ್ರಗಳೇ ಮೊದಲಾದುವು ಸ್ಮೃತಿಗಳು. ರಾಮಾಯಣ ಮಹಾಭಾರತಗಳು ಇತಿಹಾಸಗಳು. ಇವಲ್ಲದೆ ಪುರಾಣಗಳೂ ದೇವಾಲಯಗಳ ಪೂಜಾಕ್ರಮವನ್ನು ತಿಳಿಸುವ ಆಗಮಗಳೂ ಇವೆ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವಾದುದೆಂಬ ನಿಯಮವುಂಟು. ಸ್ಮೃತಿಗಳು ಮನುಷ್ಯರು ರಚಿಸಿದುವು, ಅವು ಹಲವು, ಒಂದರ ಮಾತು ಇನ್ನೊಂದರಲ್ಲಿಲ್ಲ. ಆದುದರಿಂದ, ಶಾಸ್ತ್ರದಲ್ಲಿ ಹೇಳಿದೆ ಎಂದು ಯಾರಾದರೂ ಹೇಳಿದಾಗ ಯಾವ ಶಾಸ್ತ್ರದಲ್ಲಿ, ಯಾವ ಸಂದರ್ಭದಲ್ಲಿ ಎಂದು ಕೇಳುವುದು ಉದ್ಧಟತನವಲ್ಲ. ಅದು ಶಾಸ್ತ್ರಾಭ್ಯಾಸದ ಮೊದಲ ಹೆಜ್ಜೆ.

ಋಗ್ವೇದವೊಂದರಲ್ಲಿಯೇ 10 ಮಂಡಲಗಳು, 1028 ಸೂಕ್ತಗಳು, ಹತ್ತು ಸಾವಿರಕ್ಕೂ ಮಿಕ್ಕ ಮಂತ್ರಗಳಿವೆ. ಬರವಣಿಗೆಯ ನೆರವಿಲ್ಲದೆ ಇಷ್ಟನ್ನೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಸಾಹಸವು ಬೆರಗು ಹುಟ್ಟಿಸುವಂಥದು. ಅದಕ್ಕಾಗಿ ಹಿಂದಿನವರು ಹಲವು ಪಾಠಕ್ರಮಗಳನ್ನು ಕಂಡುಹಿಡಿದರು. ಪದಪಾಠದಲ್ಲಿ ಸಂಧಿಯನ್ನು ಬಿಡಿಸಿ ಒಂದೊಂದೇ ಪದವನ್ನು ಹೇಳುತ್ತಾರೆ. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಕೂಡಿಸಿ ಸರಪಳಿಯಂತೆ ಹೇಳುತ್ತಾರೆ. ಜಟಾಪಾಠದಲ್ಲಿ ಪ್ರತಿಯೊಂದು ಜೋಡಿಯನ್ನೂ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೆಣೆಯುತ್ತಾರೆ. ಘನಪಾಠದಲ್ಲಿ ಆ ಹೆಣಿಗೆಗೆ ಮೂರನೆಯ ಪದವೂ ಸೇರಿಕೊಂಡು ಇನ್ನಷ್ಟು ಜಟಿಲವಾಗುತ್ತದೆ. ಒಂದು ಸ್ವರವೂ ಜಾರದಂತೆ, ಒಂದು ಅಕ್ಷರವೂ ಸೇರಿಕೊಳ್ಳದಂತೆ ಕಾಯುವ ಕಾವಲು ಇದು. 2003ರಲ್ಲಿ ಯುನೆಸ್ಕೊ ಸಂಸ್ಥೆಯು ವೇದಪಠನದ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿತು.

ಆದರೆ ಅಕ್ಷರವನ್ನು ಕಾಯುವುದು ಬೇರೆ, ಅರ್ಥವನ್ನು ಅರಿಯುವುದು ಬೇರೆ. ಈ ಭೇದವನ್ನು ಶಾಸ್ತ್ರವೇ ಹೇಳುತ್ತದೆ. ಶ್ವೇತಕೇತುವು ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ವೇದಗಳನ್ನೆಲ್ಲ ಕಲಿತು, ತಾನು ಬಹಳ ತಿಳಿದವನೆಂಬ ಗರ್ವದಿಂದ ಮನೆಗೆ ಹಿಂದಿರುಗಿದನು. ಯಾವುದನ್ನು ತಿಳಿದರೆ ಕೇಳದುದೂ ಕೇಳಿದಂತಾಗುತ್ತದೆಯೋ, ತಿಳಿಯದುದೂ ತಿಳಿದಂತಾಗುತ್ತದೆಯೋ ಅದನ್ನು ನೀನು ಗುರುವಿನಲ್ಲಿ ಕೇಳಿದೆಯಾ ಎಂದು ತಂದೆಯು ಪ್ರಶ್ನಿಸಿದನು. ಮಗನ ಬಳಿ ಉತ್ತರವಿರಲಿಲ್ಲ. ಉದ್ದಾಲಕನು ಮಗನ ಕಂಠಪಾಠವನ್ನು ಹಳಿಯಲಿಲ್ಲ. ಅವನು ಕೇಳದೆ ಬಿಟ್ಟ ಪ್ರಶ್ನೆಯನ್ನು ಮಾತ್ರ ತೋರಿಸಿದನು. ಉಪನಿಷತ್ತಿನ ಆ ದೊಡ್ಡ ಬೋಧೆಯೆಲ್ಲ ಆ ಒಂದು ಪ್ರಶ್ನೆಯಿಂದ ಹೊರಟಿತು.

ಎರಡನೆಯ ಆಧಾರವಾದ ಸಂಪ್ರದಾಯವೆಂದರೆ ಒಬ್ಬರು ಇನ್ನೊಬ್ಬರಿಗೆ ಚೆನ್ನಾಗಿ ಕೊಟ್ಟುದು ಎಂದು ಅರ್ಥ. ಕೊಡುವವನೂ ಪಡೆಯುವವನೂ ಎಚ್ಚರವಾಗಿದ್ದರೆ ಮಾತ್ರ ಆ ಕೊಡುಗೆ ಚೆನ್ನಾಗಿ ಸಾಗುತ್ತದೆ. ಗ್ರಂಥವನ್ನು ಓದಿದ ಮಾತ್ರಕ್ಕೆ ಅದರ ಹೃದಯವು ಕೈಗೆ ಬರುವುದಿಲ್ಲ. ಯಾವ ಮಾತನ್ನು ಯಾವ ಮಾತಿನೊಡನೆ ಕೂಡಿಸಿ ಓದಬೇಕು, ಯಾವುದು ಮುಖ್ಯ, ಯಾವುದು ಗೌಣ ಎಂಬುದನ್ನು ತಲೆತಲಾಂತರದ ವ್ಯಾಸಂಗವು ಕಲಿಸುತ್ತದೆ. ಎಲ್ಲ ಶಾಸ್ತ್ರಗಳನ್ನೂ ಬಲ್ಲವನಾದರೂ ಸಂಪ್ರದಾಯವನ್ನು ಅರಿಯದವನ ಮಾತನ್ನು ಅಜ್ಞಾನಿಯ ಮಾತಿನಂತೆಯೇ ಬಿಟ್ಟುಬಿಡಬೇಕೆಂದು ಶಂಕರಾಚಾರ್ಯರು ತಮ್ಮ ಗೀತಾಭಾಷ್ಯದಲ್ಲಿ ಕಟುವಾಗಿಯೇ ಹೇಳಿದ್ದಾರೆ.

ಸಂಪ್ರದಾಯಗಳೆಲ್ಲವೂ ಗ್ರಂಥಗಳಿಂದ ಹುಟ್ಟಿದುವಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಬಹುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಸುತ್ತಮುತ್ತಣ ಹಳ್ಳಿಗಳ ರೈತರು ಹೊಸ ಕಡಲೆಕಾಯಿಯನ್ನು ತಂದು ದೊಡ್ಡ ಬಸವಣ್ಣನಿಗೆ ಅರ್ಪಿಸುತ್ತಾರೆ. ಬೀದಿಯ ಎರಡು ಬದಿಗಳಲ್ಲಿಯೂ ಕಡಲೆಕಾಯಿಯ ರಾಶಿಗಳು ಏಳುತ್ತವೆ, ಜನಸಾಗರವೇ ನೆರೆಯುತ್ತದೆ. ಇದನ್ನು ಯಾವ ವೇದವೂ ವಿಧಿಸಿಲ್ಲ. ಅಷ್ಟೇ ಅಲ್ಲ, ಕಡಲೆಕಾಯಿಯೇ ಈ ನಾಡಿನ ಮೂಲದ ಬೆಳೆಯಲ್ಲ. ದಕ್ಷಿಣ ಅಮೆರಿಕದ ಆ ಗಿಡವು ಯುರೋಪಿನ ನಾವಿಕರು ಸಮುದ್ರಮಾರ್ಗಗಳನ್ನು ಕಂಡುಕೊಂಡ ಬಳಿಕ ಭಾರತಕ್ಕೆ ಬಂದಿತು. ಆದುದರಿಂದ ಅನಾದಿಯೆಂದು ತೋರುವ ಈ ಹಬ್ಬವು ಆ ಬೆಳೆಗಿಂತ ಹಳೆಯದಾಗಿರಲಾರದು. ಹಾಗೆಂದು ಅದರ ಬೆಲೆ ಕುಗ್ಗುವುದಿಲ್ಲ. ಬೆಳೆದವನು ಮೊದಲ ಫಲವನ್ನು ದೇವರಿಗೂ ನೆರೆಯವರಿಗೂ ಹಂಚುವ ಆ ನಡವಳಿಕೆಯಲ್ಲಿ ಕೃತಜ್ಞತೆಯಿದೆ, ಸಂತೋಷವಿದೆ. ಸಂಪ್ರದಾಯವನ್ನು ಅಳೆಯಬೇಕಾದುದು ಅದರ ವಯಸ್ಸಿನಿಂದಲ್ಲ, ಅದು ಮನುಷ್ಯರಿಗೆ ಮಾಡುವ ಹಿತದಿಂದ ಎಂಬುದಕ್ಕೆ ಈ ಪರಿಷೆಯು ಒಳ್ಳೆಯ ನಿದರ್ಶನ.

ಮೂರನೆಯ ಆಧಾರ ಗುರು. ಶಾಸ್ತ್ರಕ್ಕೆ ಬಾಯಿಲ್ಲ; ಶಿಷ್ಯನ ಸಂದೇಹಕ್ಕೆ ಅದು ತಾನಾಗಿ ಉತ್ತರ ಕೊಡಲಾರದು. ಎದುರಿಗಿರುವ ವಿದ್ಯಾರ್ಥಿಯ ಯೋಗ್ಯತೆಯನ್ನು ನೋಡಿ, ಅವನಿಗೆ ತಕ್ಕ ಮಾತನ್ನು ಆರಿಸಿ ಹೇಳುವವನು ಗುರು. ಸತ್ಯಕಾಮನೆಂಬ ಬಾಲಕನು ವಿದ್ಯೆಯನ್ನು ಬಯಸಿ ಗೌತಮನೆಂಬ ಆಚಾರ್ಯನ ಬಳಿಗೆ ಹೋದ ಕಥೆಯು ಛಾಂದೋಗ್ಯದಲ್ಲಿಯೇ ಇದೆ. ಆಚಾರ್ಯನು ಅವನ ಗೋತ್ರವನ್ನು ಕೇಳಿದನು. ತಾಯಿ ಜಬಾಲೆಗೆ ಅದು ತಿಳಿಯದೆಂದೂ, ಅವಳ ಹೆಸರಿನಿಂದಲೇ ತಾನು ಸತ್ಯಕಾಮ ಜಾಬಾಲನೆಂದೂ ಬಾಲಕನು ಮುಚ್ಚುಮರೆಯಿಲ್ಲದೆ ಹೇಳಿದನು. ಅವನು ಸತ್ಯವನ್ನು ಬಿಡಲಿಲ್ಲವೆಂದು ಮೆಚ್ಚಿ ಗೌತಮನು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದನು. ವಾಡಿಕೆಯ ಪ್ರಶ್ನೆಗೆ ವಾಡಿಕೆಯ ಉತ್ತರ ಸಿಗದೆ ಹೋದಾಗ ಬಾಲಕನ ಸತ್ಯವನ್ನೇ ಅರ್ಹತೆಯೆಂದು ಗುರುತಿಸಿದುದು ಗುರುವಿನ ವಿವೇಕ. ಇಂಥ ವಿವೇಕವನ್ನು ಯಾವ ಗ್ರಂಥವೂ ತಾನಾಗಿ ಮಾಡಿ ತೋರಿಸಲಾರದು.

ಈ ಮೂರು ಆಧಾರಗಳಿಗೂ ಪರಂಪರೆಯೇ ಎಲ್ಲೆಗಳನ್ನು ಹಾಕಿದೆ ಎಂಬುದು ಗಮನಾರ್ಹ. ತೈತ್ತಿರೀಯೋಪನಿಷತ್ತಿನಲ್ಲಿ ವ್ಯಾಸಂಗ ಮುಗಿಸಿದ ಶಿಷ್ಯನನ್ನು ಬೀಳ್ಕೊಡುವ ಆಚಾರ್ಯನು, ತನ್ನಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಉಳಿದುವನ್ನು ಅನುಸರಿಸಬೇಡ ಎಂದು ಹೇಳುತ್ತಾನೆ. ತನ್ನಲ್ಲಿಯೂ ಅನುಸರಿಸಲಾಗದುದು ಇರಬಹುದೆಂದು ಒಪ್ಪಿಕೊಂಡ ಗುರುವಿನ ಮಾತು ಇದು. ಭಗವದ್ಗೀತೆಯು ತಿಳಿದವರಿಂದ ಜ್ಞಾನವನ್ನು ಪಡೆಯಲು ನಮಸ್ಕಾರ, ಪರಿಪ್ರಶ್ನೆ, ಸೇವೆ ಎಂಬ ಮೂರು ಸಾಧನಗಳನ್ನು ಹೇಳುತ್ತದೆ. ಪರಿಪ್ರಶ್ನೆಯೆಂದರೆ ಎಲ್ಲ ಕಡೆಗಳಿಂದಲೂ ಕೇಳುವ ಪ್ರಶ್ನೆ. ಗೀತೆಯ ಕೊನೆಯಲ್ಲಿ ಕೃಷ್ಣನು ತಾನು ಹೇಳಿದುದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ಇಷ್ಟ ಬಂದಂತೆ ಮಾಡೆಂದು ಅರ್ಜುನನಿಗೆ ಬಿಟ್ಟುಕೊಡುತ್ತಾನೆ. ಬೆಂಕಿಯು ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದೆಂದು ಶಂಕರರು ಅದೇ ಗೀತಾಭಾಷ್ಯದಲ್ಲಿ ಬರೆದಿದ್ದಾರೆ. ಸಂಪ್ರದಾಯವನ್ನು ಅಷ್ಟು ಬಲವಾಗಿ ಎತ್ತಿಹಿಡಿದವರೇ ಪ್ರತ್ಯಕ್ಷಕ್ಕೆ ವಿರುದ್ಧವಾದ ಮಾತಿಗೆ ಮಣಿಯಲಿಲ್ಲ.

ಮೂವರು ಆಚಾರ್ಯರ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಾಶಿಯ ಬೀದಿಯಲ್ಲಿ ಚಂಡಾಲನೊಬ್ಬನು ಎದುರಾದಾಗ ದೂರ ಸರಿಯೆಂದು ಹೇಳಿದ ಶಂಕರರನ್ನು ಅವನು, ದೂರ ಸರಿಯಬೇಕಾದುದು ದೇಹವೋ ಆತ್ಮವೋ ಎಂದು ಪ್ರಶ್ನಿಸಿದನಂತೆ. ಶಂಕರರು ಅವನನ್ನೇ ಗುರುವೆಂದು ವಂದಿಸಿದರಂತೆ. ರಾಮಾನುಜರು ತಮ್ಮ ಗುರು ಯಾದವಪ್ರಕಾಶರ ವ್ಯಾಖ್ಯಾನವನ್ನು ಒಪ್ಪದೆ ಭಿನ್ನಮತವನ್ನು ಸೂಚಿಸಿದರು. ಮುಂದೆ ಇನ್ನೊಬ್ಬ ಗುರುವು ರಹಸ್ಯವಾಗಿಡಬೇಕೆಂದು ಹೇಳಿ ಕೊಟ್ಟ ಮಂತ್ರವನ್ನು ಅವರು ಗೋಪುರವನ್ನೇರಿ ಎಲ್ಲರಿಗೂ ಸಾರಿದರೆಂದೂ, ಅದರಿಂದ ಜನಕ್ಕೆ ಒಳಿತಾಗುವುದಾದರೆ ತನಗೆ ನರಕವಾದರೂ ಆಗಲಿ ಎಂದರೆಂದೂ ಕಥೆಯಿದೆ. ಮಧ್ವರು ಗುರು ಅಚ್ಯುತಪ್ರೇಕ್ಷರ ಬಳಿ ಇಷ್ಟಸಿದ್ಧಿಯೆಂಬ ಗ್ರಂಥವನ್ನು ಓದುವಾಗ ಅದರ ಆರಂಭದಲ್ಲಿಯೇ ದೋಷಗಳನ್ನು ಎತ್ತಿ ತೋರಿಸಿದರೆಂದೂ, ಕಡೆಗೆ ಗುರುವೇ ಶಿಷ್ಯನ ಮತವನ್ನು ಒಪ್ಪಿದರೆಂದೂ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ತಿಳಿಸುತ್ತದೆ. ಇವುಗಳಲ್ಲಿ ಚರಿತ್ರೆಯೆಷ್ಟು, ಭಕ್ತರ ಕಲ್ಪನೆಯೆಷ್ಟು ಎಂಬ ಪ್ರಶ್ನೆ ಬೇರೆ. ಈ ಕಥೆಗಳನ್ನು ಅಳಿಸಿಹಾಕದೆ ಅಭಿಮಾನದಿಂದ ಕಾಪಾಡಿಕೊಂಡು ಬಂದವರು ಆಯಾ ಸಂಪ್ರದಾಯದವರೇ ಎಂಬುದು ಮುಖ್ಯ. ಇಂದು ಪ್ರಶ್ನಾತೀತವೆಂದು ತೋರುವ ಸಂಪ್ರದಾಯಗಳು ಒಂದು ಕಾಲದಲ್ಲಿ ಶಿಷ್ಯನೊಬ್ಬನ ಪ್ರಶ್ನೆಯಿಂದಲೇ ಬೆಳೆದುವು.

ಇಂಥ ಗುರುಶಿಷ್ಯ ಸಂಬಂಧವು ಕಥೆಗಳಲ್ಲಿ ಮಾತ್ರವಲ್ಲ, ಬೆಂಗಳೂರಿನ ಈ ಹಳೆಯ ಬಡಾವಣೆಗಳಲ್ಲಿಯೂ ಕಾಣಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಂಕರಪುರದ ಶಂಕರಮಠದ ಪಾಠಶಾಲೆಯಲ್ಲಿ ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳೆಂಬ ಮಹಾ ವಿದ್ವಾಂಸರು ವೇದಾಂತವನ್ನು ಬೋಧಿಸುತ್ತಿದ್ದರು. 1912ರಲ್ಲಿ ಶೃಂಗೇರಿಯ ಪೀಠವನ್ನೇರಿದ ಚಂದ್ರಶೇಖರ ಭಾರತಿಗಳು ಅವರಲ್ಲಿ ವ್ಯಾಸಂಗ ಮಾಡಿದವರು. ಅವರಿಂದ ಪಾಠ ಕೇಳಿದ ಇನ್ನೊಬ್ಬರು ಡಿ. ವಿ. ಗುಂಡಪ್ಪನವರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪತ್ರಿಕೋದ್ಯಮಿಯಾಗಿ ದುಡಿಯುತ್ತ, ವಿದ್ವಾಂಸರ ಬಳಿ ಕುಳಿತು ಕೇಳುತ್ತ ಅವರು ವಿದ್ಯೆಯನ್ನು ಸಂಪಾದಿಸಿದರು. ಒಬ್ಬರೇ ಗುರುವಿನ ಶಿಷ್ಯರಲ್ಲಿ ಒಬ್ಬರು ಪೀಠಾಧಿಪತಿಗಳಾದರು, ಇನ್ನೊಬ್ಬರು ಸಾರ್ವಜನಿಕ ಜೀವನದ ವಿಮರ್ಶಕರಾದರು. ಒಳ್ಳೆಯ ಗುರುವು ಶಿಷ್ಯರನ್ನು ತನ್ನ ಪ್ರತಿರೂಪಗಳನ್ನಾಗಿ ಎರಕ ಹೊಯ್ಯುವುದಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಸವನಗುಡಿಯ ನರಸಿಂಹರಾಜ ಕಾಲೊನಿಯಲ್ಲಿರುವ ಆ ಸಂಸ್ಥೆಯಲ್ಲಿ ರಾಜಕೀಯ, ಅರ್ಥಶಾಸ್ತ್ರಗಳ ಚರ್ಚೆಯೊಂದಿಗೆ ಗೀತೆ, ಉಪನಿಷತ್ತು, ಕಾವ್ಯಗಳ ವ್ಯಾಸಂಗವೂ ನಡೆಯಿತು. ಗುಂಡಪ್ಪನವರು ಸಂನ್ಯಾಸಿಗಳಲ್ಲ, ಮಠಾಧಿಪತಿಗಳಲ್ಲ. ಆಸಕ್ತರಾದವರಿಗೆಲ್ಲ ಅವರು ಕನ್ನಡದಲ್ಲಿ ಗೀತೆಯನ್ನು ವಿವರಿಸಿದರು. ಆ ವಿವರಣೆಯು 1966ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. 1967ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಅದಕ್ಕೆ ದೊರೆಯಿತು. ಆ ಗ್ರಂಥಕ್ಕೆ ಅವರು ‘ಜೀವನಧರ್ಮಯೋಗ’ ಎಂಬ ಹೆಸರನ್ನೂ ಇಟ್ಟರು. ಶಾಸ್ತ್ರವು ಮಠದ ಗೋಡೆಗಳ ಒಳಗೆ ಉಳಿಯದೆ ಮನೆ, ಕಚೇರಿ, ಬೀದಿಗಳ ಬಾಳಿಗೆ ಬೆಳಕಾಗಬೇಕೆಂಬ ಆಶಯವು ಆ ಹೆಸರಿನಲ್ಲಿಯೇ ಇದೆ.

ಸಂಪ್ರದಾಯದ ಒಳಗೆ ನಿಂತು ಸಂಪ್ರದಾಯವನ್ನೇ ಪ್ರಶ್ನಿಸಿದವರೂ ಇಲ್ಲಿದ್ದರು. ಯಲ್ಲಂಬಳಸೆಯ ಸುಬ್ಬರಾಯರು ಶಾಲೆಯ ಉಪಾಧ್ಯಾಯರಾಗಿದ್ದವರು. ಅವರು 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಆರಂಭಿಸಿ, ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಹಾಗೆ ಓದುತ್ತ ಹೋದಂತೆ, ಶಂಕರರ ಅನಂತರ ಬಂದ ವ್ಯಾಖ್ಯಾನಕಾರರು ಹೇಳಿದ ಮೂಲಾವಿದ್ಯೆಯೆಂಬ ತತ್ತ್ವವು ಶಂಕರರ ಮಾತುಗಳಿಗೆ ಹೊಂದುವುದಿಲ್ಲವೆಂದು ಅವರಿಗೆ ತೋರಿತು. ಅದನ್ನು ಖಂಡಿಸಿ ಅವರು 1929ರಲ್ಲಿ ಸಂಸ್ಕೃತ ಗ್ರಂಥವೊಂದನ್ನು ಪ್ರಕಟಿಸಿದರು. ಅನೇಕ ವಿದ್ವಾಂಸರು ಅವರನ್ನು ವಿರೋಧಿಸಿದರು. ಅವರ ಮತವೇ ಸರಿಯೆಂದು ಎಲ್ಲರೂ ಇಂದಿಗೂ ಒಪ್ಪಿಲ್ಲ. ಆದರೆ ಅವರು ಪರಂಪರೆಯನ್ನು ಬಿಟ್ಟುಹೋಗಲಿಲ್ಲ. 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆಂಬ ಹೆಸರಿನಿಂದ ಕೊನೆಯವರೆಗೂ ಶಂಕರರ ಮಾತಿನ ಸೇವೆಯಲ್ಲಿಯೇ ಇದ್ದರು. ಪ್ರೀತಿಸುವ ಪರಂಪರೆಯನ್ನು ಅದರದೇ ಮೂಲದಿಂದ ಪರೀಕ್ಷಿಸುವುದು ದ್ರೋಹವಲ್ಲವೆಂಬುದನ್ನು ಅವರ ಬಾಳು ತೋರಿಸುತ್ತದೆ. ಇದೇ ರೀತಿಯಲ್ಲಿ ಚಾಮರಾಜೇಂದ್ರ ಸಂಸ್ಕೃತ ಮಹಾವಿದ್ಯಾಲಯದಲ್ಲಿ ವ್ಯಾಕರಣದ ಅಧ್ಯಾಪಕರಾಗಿದ್ದ ವಿದ್ವಾನ್ ಎನ್. ರಂಗನಾಥ ಶರ್ಮರು ವಾಲ್ಮೀಕಿ ರಾಮಾಯಣವನ್ನೂ ಭರ್ತೃಹರಿಯ ವಾಕ್ಯಪದೀಯವನ್ನೂ ಕನ್ನಡಕ್ಕೆ ತಂದು, ಸಂಸ್ಕೃತವನ್ನರಿಯದವರಿಗೂ ಮೂಲಗ್ರಂಥವನ್ನು ತಾವೇ ಓದಿ ತಿಳಿಯುವ ದಾರಿಯನ್ನು ಮಾಡಿಕೊಟ್ಟರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಪ್ರಶ್ನೆ ಕೇಳುವ ಅವಕಾಶವು ಎಲ್ಲರಿಗೂ ಇರಲಿಲ್ಲ. ಬ್ರಹ್ಮಸೂತ್ರಗಳಿಗೆ ಭಾಷ್ಯವನ್ನು ಬರೆದ ಮೂವರು ಆಚಾರ್ಯರೂ ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದೇ ಹೇಳಿದರು. ಸ್ತ್ರೀಯರಿಗೂ ಬಹುಕಾಲ ಆ ಬಾಗಿಲು ಮುಚ್ಚಿತ್ತು. ಅಸ್ಪೃಶ್ಯರೆಂದು ದೂರವಿಟ್ಟ ಜನರಿಗಂತೂ ಗುಡಿಯ ಬಾಗಿಲನ್ನೂ ಪಾಠಶಾಲೆಯ ಬಾಗಿಲನ್ನೂ ತೆರೆಯಲಿಲ್ಲ. ಸಂಪ್ರದಾಯವೆಂಬ ಹೆಸರಿನಲ್ಲಿ ನಡೆದ ಈ ಅನ್ಯಾಯವನ್ನು ಸೌಮ್ಯವಾದ ಮಾತುಗಳಿಂದ ಮುಚ್ಚಬಾರದು. ಶಾಸ್ತ್ರದಲ್ಲಿಯೇ ಬೇರೆ ಸಾಕ್ಷಿಯೂ ಇದ್ದಿತು. ಬೃಹದಾರಣ್ಯಕೋಪನಿಷತ್ತಿನಲ್ಲಿ ಗಾರ್ಗಿಯು ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯನಿಗೆ ಪ್ರಶ್ನೆಗಳನ್ನು ಹಾಕುತ್ತಾಳೆ. ಮೈತ್ರೇಯಿಯು ಸಂಪತ್ತನ್ನು ಒಲ್ಲದೆ ಅಮೃತತ್ವದ ದಾರಿಯನ್ನು ಕೇಳುತ್ತಾಳೆ. ಆ ಪುಟಗಳನ್ನು ಓದುತ್ತಿದ್ದವರೇ ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಅವನ್ನು ನಿಷೇಧಿಸಿದರು. ಶಾಸ್ತ್ರವು ಸಂಪ್ರದಾಯವನ್ನು ತಿದ್ದಬಹುದಾಗಿತ್ತು, ತಿದ್ದಲು ಬಿಡಲಿಲ್ಲ.

ಆ ತಿದ್ದುವಿಕೆಯು ಬಹುಮಟ್ಟಿಗೆ ಹೊರಗೆ ನಿಂತವರಿಂದ ಬಂದಿತು. ಹನ್ನೆರಡನೆಯ ಶತಮಾನದ ಶರಣರು ವೇದದ ಪ್ರಾಮಾಣ್ಯವನ್ನೂ ಜಾತಿಯ ಮೇಲುಕೀಳನ್ನೂ ಪ್ರಶ್ನಿಸಿ, ನುಡಿದಂತೆ ನಡೆಯುವುದನ್ನೇ ಧರ್ಮದ ಒರೆಗಲ್ಲನ್ನಾಗಿ ಮಾಡಿದರು. ಕಾಯಕದ ಜನರೂ ಸ್ತ್ರೀಯರೂ ಅನುಭಾವವನ್ನು ಕನ್ನಡದಲ್ಲಿ ನುಡಿದರು. ಹದಿನಾರನೆಯ ಶತಮಾನದಲ್ಲಿ ವ್ಯಾಸರಾಯರಂಥ ಪ್ರಚಂಡ ತಾರ್ಕಿಕರ ಆಶ್ರಯದಲ್ಲಿ ಪುರಂದರದಾಸರೂ ಕನಕದಾಸರೂ ಶಾಸ್ತ್ರದ ಸಾರವನ್ನು ಹಾಡಾಗಿ ಮಾಡಿ ಮನೆಮನೆಗೆ ಮುಟ್ಟಿಸಿದರು. ಕಡೆಗೆ 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಯಾವ ಸಂಪ್ರದಾಯವೂ ಮನುಷ್ಯನ ಘನತೆಗಿಂತ ದೊಡ್ಡದಲ್ಲವೆಂಬುದು ಅಂದಿನಿಂದ ದೇಶದ ಕಾನೂನು. ಕಾನೂನು ಬಂದ ಮಾತ್ರಕ್ಕೆ ಮನಸ್ಸುಗಳು ಬದಲಾಗಿಬಿಡಲಿಲ್ಲ. ಆ ಕೆಲಸ ಇನ್ನೂ ಉಳಿದಿದೆ.

ಗುರುವಿನ ವಿಷಯದಲ್ಲಿಯೂ ಎಚ್ಚರವು ಅಗತ್ಯ. ಗುರುಭಕ್ತಿಯನ್ನು ದುಡ್ಡಾಗಿಯೂ ಅಧಿಕಾರವಾಗಿಯೂ ಮಾರ್ಪಡಿಸಿಕೊಳ್ಳುವವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಪವಾಡವನ್ನು ಮಾಡುವೆನೆನ್ನುವವರು ಪರೀಕ್ಷೆಗೆ ಒಳಗಾಗಲಿ ಎಂಬುದು ಅವರ ನಿಲುವು. ಅವರನ್ನು ಧರ್ಮವಿರೋಧಿಯೆಂದು ಹಲವರು ಟೀಕಿಸಿದರು. ಆದರೆ ಬ್ರಹ್ಮಚಾರಿಯಾಗಿ, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಸರಳವಾಗಿ ಬಾಳಿ, ವಿದ್ಯಾರ್ಥಿಗಳಿಗಾಗಿ ಜೀವವನ್ನು ಸವೆಸಿದ ಅವರಲ್ಲಿ ಹಳೆಯ ಆಚಾರ್ಯರ ಲಕ್ಷಣಗಳೇ ಕಾಣುತ್ತಿದ್ದುವು. ಮಠದ ಪ್ರವಚನವೂ ಕಾಲೇಜಿನ ವಿಜ್ಞಾನ ಉಪನ್ಯಾಸವೂ ಒಂದೇ ಬಡಾವಣೆಯಲ್ಲಿ ನಡೆದುವು. ಎರಡನ್ನೂ ಕೇಳಲು ಹೋಗುವ ಸ್ವಾತಂತ್ರ್ಯ ಅಲ್ಲಿನ ಯುವಕರಿಗಿತ್ತು. ಒಂದನ್ನು ಕೇಳಿದವನು ಇನ್ನೊಂದನ್ನು ತೂಗಿ ನೋಡಬಲ್ಲವನಾಗುತ್ತಾನೆ.

ಎಲ್ಲರೂ ಎಲ್ಲವನ್ನೂ ಪ್ರಶ್ನಿಸತೊಡಗಿದರೆ ಧರ್ಮವೇ ಉಳಿಯದೆಂದು ಕೆಲವರು ಹೇಳಬಹುದು. ಈ ಭಯದಲ್ಲಿ ಸ್ವಲ್ಪ ನಿಜವಿದೆ. ಕಲಿಯುವ ತಾಳ್ಮೆಯಿಲ್ಲದೆ, ಗೇಲಿಗಾಗಿ ಕೇಳುವ ಪ್ರಶ್ನೆಯಿಂದ ಯಾರಿಗೂ ಲಾಭವಿಲ್ಲ. ಗೀತೆಯು ಪರಿಪ್ರಶ್ನೆಯನ್ನು ನಮಸ್ಕಾರಕ್ಕೂ ಸೇವೆಗೂ ನಡುವೆ ಇಟ್ಟಿರುವುದು ಈ ಕಾರಣಕ್ಕಾಗಿಯೇ ಇರಬೇಕು. ವಿನಯವಿಲ್ಲದ ಪ್ರಶ್ನೆ ಜಗಳವಾಗುತ್ತದೆ. ಪ್ರಶ್ನೆಯಿಲ್ಲದ ವಿನಯ ದಾಸ್ಯವಾಗುತ್ತದೆ. ಆದರೆ ತಿಳಿಯಬೇಕೆಂಬ ಹಂಬಲದಿಂದ ಕೇಳಿದ ಪ್ರಶ್ನೆಯನ್ನು ತಾಳಲಾರದ ನಂಬಿಕೆಯು ಪ್ರಶ್ನೆಯಿಂದ ಕೆಟ್ಟುದಲ್ಲ, ಮೊದಲೇ ಶಿಥಿಲವಾಗಿದ್ದುದು.

ಇನ್ನು ಕೆಲವರು ಇದಕ್ಕೆ ಪ್ರತಿಯಾಗಿ, ಗುರುವೂ ಬೇಡ, ಸಂಪ್ರದಾಯವೂ ಬೇಡ, ಗ್ರಂಥವೊಂದಿದ್ದರೆ ಸಾಕೆನ್ನಬಹುದು. ಈಗಂತೂ ಅಂಗೈಯಗಲದ ಮೊಬೈಲ್ ಫೋನಿನಲ್ಲಿ ವೇದ, ಉಪನಿಷತ್ತು, ಭಾಷ್ಯಗಳೆಲ್ಲ ತೆರೆದುಕೊಳ್ಳುತ್ತವೆ. ಒಂದು ಕಾಲದಲ್ಲಿ ಕೆಲವರಿಗೆ ಮಾತ್ರ ಮೀಸಲಾಗಿದ್ದುದು ಎಲ್ಲರ ಕೈಗೂ ಬಂದಿರುವುದು ದೊಡ್ಡ ಭಾಗ್ಯ. ಆದರೆ ದೊರೆಯುವುದೆಲ್ಲವೂ ಸರಿಯಾದುದಲ್ಲ. ಯಾವ ಗ್ರಂಥದಲ್ಲಿಯೂ ಇಲ್ಲದ ಮಾತುಗಳು ವೇದವಾಕ್ಯಗಳೆಂಬ ಹೆಸರು ಹೊತ್ತು ಮನೆಯಿಂದ ಮನೆಗೆ ಹರಡುತ್ತವೆ. ಯಾವುದು ಮೂಲ, ಯಾವುದು ಕಲಬೆರಕೆ ಎಂಬುದನ್ನು ಬೇರ್ಪಡಿಸಲು ಓದಿ ತಿಳಿದವರ ನೆರವು ಈಗ ಹಿಂದಿಗಿಂತಲೂ ಹೆಚ್ಚಾಗಿ ಬೇಕಾಗಿದೆ. ಘನಪಾಠಿಗಳು ಒಂದು ಅಕ್ಷರವೂ ಕೆಡದಂತೆ ಕಾದ ಎಚ್ಚರವನ್ನು ಇಂದಿನ ಓದುಗನು ಅರ್ಥದ ವಿಷಯದಲ್ಲಿ ತೋರಬೇಕಾಗಿದೆ.

ಶಾಸ್ತ್ರವು ಹಿಂದಿನವರ ಅನುಭವದ ನಿಧಿ. ಸಂಪ್ರದಾಯವು ಅದನ್ನು ಇಂದಿಗೆ ತಂದ ದಾರಿ. ಗುರುವು ಆ ದಾರಿಯನ್ನು ತೋರುವವನು. ಮೂರಕ್ಕೂ ಗೌರವ ಸಲ್ಲಬೇಕು. ಆದರೆ ದಾರಿಯನ್ನು ನಡೆಯಬೇಕಾದವನು ಶಿಷ್ಯನೇ. ಪುಸ್ತಕದಲ್ಲಿದೆ ಎಂದೋ, ಹಿಂದಿನಿಂದ ಬಂದಿದೆ ಎಂದೋ, ದೊಡ್ಡವರು ಹೇಳಿದರು ಎಂದೋ ತನ್ನ ವಿವೇಕವನ್ನು ಅವನು ಬೇರೆಯವರ ಕೈಗೆ ಒಪ್ಪಿಸಿ ಬರುವಂತಿಲ್ಲ. ಬಸವನಗುಡಿಯ ವಿದ್ಯಾರ್ಥಿಯು ಮೂರು ಮಠಗಳಲ್ಲಿ ಮೂರು ಅರ್ಥಗಳನ್ನು ಕೇಳಿ ಗೊಂದಲಗೊಂಡರೆ ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆ ಗೊಂದಲವನ್ನು ಹೊತ್ತುಕೊಂಡು ತಿಳಿದವರ ಬಳಿಗೆ ಹೋಗಿ, ನಮಸ್ಕರಿಸಿ, ಕೇಳುವುದು ಅವನ ಹಕ್ಕು. ಉತ್ತರವನ್ನು ತಾಳ್ಮೆಯಿಂದ ಕೇಳಿ ತೂಗಿ ನೋಡುವುದು ಅವನ ಕರ್ತವ್ಯ. ಅವನ ಪಕ್ಕದಲ್ಲಿ ಅವನ ತಂಗಿಯೂ, ಒಂದು ಕಾಲದಲ್ಲಿ ಹೊರಗೆ ನಿಲ್ಲಿಸಿದ್ದ ಮನೆತನದ ಅವನ ಗೆಳೆಯನೂ ಕುಳಿತು ಅದೇ ಪ್ರಶ್ನೆಯನ್ನು ಕೇಳುವಂತಾದರೆ, ಸತ್ಯಕಾಮನನ್ನು ಸ್ವೀಕರಿಸಿದ ಗೌತಮನ ಮಾತಿಗೆ ಪೂರ್ಣವಾದ ಬೆಲೆ ಬಂದಂತಾಗುತ್ತದೆ.